ನಾಲ್ಕು ಸ್ವರ ಕೆಳಗೆ, ಒಂದು ಸ್ವರ ಮೇಲೆ

ಭಾಲ್ಕಿ, ಝೆರಾಕ್ಸ್ ಅಂಗಡಿ

ಗ ರಿ ಗ ಸ. ಗ ಕೋಮಲ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒಮ್ಮೆ ನಿಧಾನಕ್ಕೆ ಬಾರಿಸಿ ನೋಡಿ, ಆಮೇಲೆ ಮುಂದೆ ಓದಿ. ಇಲ್ಲದಿದ್ದರೆ ಬಾಯಲ್ಲೇ ಗುನುಗಿ. ಹೊಟ್ಟೆಯೊಳಗೆ ಏನೋ ಇಳಿದಂತಾಯಿತಲ್ಲ? ಅದೇ. ನಾನು ಇಂಗ್ಲೆಂಡಿಗೆ ಹೋದದ್ದು ಆ ನಾಲ್ಕು ಸ್ವರದ ಬೆನ್ನು ಹತ್ತಿ.

ನೂರಾರು ವರ್ಷಗಳ ಹಿಂದೆ ಯುರೋಪಿನ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ಒಂದು ಲ್ಯಾಟಿನ್ ಪ್ರಾರ್ಥನೆಯ ಮೊದಲ ನಾಲ್ಕು ಸ್ವರಗಳವು. ಆಮೇಲೆ ಬಂದ ಸಂಗೀತಗಾರರು ಅವನ್ನು ಎತ್ತಿಕೊಂಡು ತಮ್ಮ ಹಾಡಿನ ನಾಟಕಗಳಲ್ಲಿ ಬಚ್ಚಿಟ್ಟರು. ವೇದಿಕೆಯ ಮೇಲೆ ಹುಡುಗ ಹುಡುಗಿ ನಗುತ್ತ ಕುಣಿಯುತ್ತಿರುತ್ತಾರೆ, ಕೆಳಗೆ ಪಿಯಾನೋದ ಎಡಗೈ ಮೆಲ್ಲಗೆ ಗ ರಿ ಗ ಸ ಅನ್ನುತ್ತದೆ. ಅಷ್ಟೇ. ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಅಂತ ಲೆಕ್ಕ. ನೋಡುವವರಿಗೆ ಗೊತ್ತಾಗುವುದಿಲ್ಲ, ಆದರೆ ಮೈಗೆ ಗೊತ್ತಾಗುತ್ತದೆ.

ಇದನ್ನೆಲ್ಲ ನನಗೆ ಯಾವ ಗುರುವೂ ಹೇಳಿಕೊಡಲಿಲ್ಲ. ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ನನಗೆ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಸ್ವರಲಿಪಿ ಇಳಿಸಿ, ಹಾಳಾದ ಹಾಳೆಗಳ ಹಿಂದೆ ಪ್ರಿಂಟ್ ತೆಗೆದು, ಐದು ಗೆರೆಗಳ ಮೇಲೆ ಕುಳಿತ ಆ ಕರಿ ಕಾಳುಗಳನ್ನು ಓದಲು ಕಲಿತೆ. ನನ್ನಂಥ ಹುಚ್ಚರ ಗುಂಪೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅವರದೊಂದು ಪಟ್ಟಿ ಇದೆ: ಯಾವ ನಾಟಕ, ಯಾವ ಪುಟ, ಯಾರು ಸಾಯುತ್ತಾರೆ. ಪಟ್ಟಿಗೆ ನಾನು ಸೇರಿಸಿದ ಸಾಲುಗಳೇ ಹನ್ನೊಂದು. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಆ ಗುಂಪಿನಲ್ಲಿದ್ದ ಇಂಗ್ಲೆಂಡಿನ ಹೆಲೆನ್ ಎಂಬ ಹಿರಿಯರು, ತಮ್ಮೂರಿನ ಹವ್ಯಾಸಿ ತಂಡ ಊರು ಬಿಟ್ಟು ಹೋಗುವವರ ಮೇಲೊಂದು ಹಾಡಿನ ನಾಟಕ ಮಾಡುತ್ತಿದೆ, ನೀನು ಬಂದು ಹಾರ್ಮೋನಿಯಂ ಬಾರಿಸುತ್ತೀಯಾ, ಟಿಕೆಟ್ಟಿನ ಖರ್ಚು ತಂಡದ್ದು ಎಂದು ಬರೆದರು. ನನ್ನೂರು ಭಾಲ್ಕಿ ಹತ್ತಿರದ ಖಟಕ ಚಿಂಚೋಳಿ ಎಂದೂ, ಕಾರಂಜಾ ಡ್ಯಾಮಿನ ನೀರು ತಳ ಕಂಡ ಮೇಲೆ ಊರ ಅರ್ಧ ಜನ ಗುಳೆ ಹೋಗಿದ್ದಾರೆಂದೂ, ಅಪ್ಪನ ಭಜನಿ ಮೇಳಕ್ಕೆ ಜನ ಸಾಲುತ್ತಿಲ್ಲವೆಂದೂ ಅವರಿಗೆ ನಾನೇ ಉದ್ದುದ್ದ ಬರೆಯುತ್ತಿದ್ದೆ. ಅದು ಮುಂದೆ ನನ್ನ ಕೊರಳಿಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅಪ್ಪನ ಮೇಳ ಹಾಡುವುದು ಹೆಚ್ಚಾಗಿ ಸತ್ತವರ ಮನೆಯಲ್ಲಿ. ಆ ವರ್ಷ ಅಪ್ಪನೂ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದರು. ಫೋನಿನಲ್ಲಿ ಸುದ್ದಿ ಹೇಳಿದೆ.

"ಸತ್ತವರ ಹಾಡು ಕೇಳಲಾಕ ಅಷ್ಟು ದೂರ ಹೊಂಟಿ ಏನವ್ವಾ? ನಮ್ಮಲ್ಲಿ ಕಮ್ಮಿ ಬಿದ್ದಾವೇನು?"

"ಅವು ಬ್ಯಾರೆ ಇರ್ತಾವಪ್ಪಾ. ನಾಟಕದಾಗ ಮುಚ್ಚಿಟ್ಟಿರ್ತಾರ."

"ಸಾವು ಮುಚ್ಚಿಡೂದೇನದ ಅದ್ರಾಗ? ಇರ್ಲಿ, ಹೋಗು. ಖರೇ ಒಂದು ಮಾತು ಧ್ಯಾನದಾಗ ಇಡು. ಎಲ್ಲಿ ಬಾರಿಸಿದ್ರೂ ಕೆಳಗ ಬಿಟ್ಟು ಏಳಬ್ಯಾಡ."

ಅದು ನಮ್ಮ ಮೇಳದ ಕಟ್ಟಳೆ. ಸತ್ತವರ ಮನೆಯಲ್ಲಿ ಹಾಡು ಎಷ್ಟು ಬೇಕಾದರೂ ಇಳಿಯಲಿ, ಬಿಡುವಾಗ ಮಾತ್ರ ಎಲ್ಲರೂ ಸೇರಿ ಮೇಲಿನ ಸ ಹಿಡಿದು ಬಿಡಬೇಕು. ಕೆಳಗೆ ಬಿಟ್ಟರೆ ಮನೆಯವರು ನೆಲ ಬಿಟ್ಟು ಏಳುವುದಿಲ್ಲ ಅನ್ನುತ್ತಾರೆ ಅಪ್ಪ. ಮೇಳದಲ್ಲಿ ಹಾರ್ಮೋನಿಯಂ ಬಾರಿಸುವ ನನಗೆ ಏಳು ವರ್ಷದಿಂದ ಅದೇ ರೂಢಿ. ಬೆರಳಿಗೆ ಬೇರೆ ಗೊತ್ತಿಲ್ಲ.

ಬೀದರ್, ಚೌಬಾರಾದ ಹತ್ತಿರ

ಹೊರಡುವ ಮುಂಚೆ ಪೇಟಿ ತೋರಿಸಲು ಬೀದರಿಗೆ ಹೋದೆ. ಹಾರ್ಮೋನಿಯಮ್ಮಿಗೆ ನಾವು ಪೇಟಿ ಅಂತಲೇ ಅನ್ನುವುದು. ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಪೇಟಿಯನ್ನು ಕಿವಿಗೆ ಹಿಡಿದು, ಡಾಕ್ಟರರಂತೆ ಬೆರಳಿನಿಂದ ತಟ್ಟಿದರು.

"ಬೇಟಿ, ಈ ಲಕಡಿ ನಮ್ಮ ಸೂಖಾ ಹವಾ ಕುಡದು ಬೆಳದದ್ದು. ಅಲ್ಲಿ ಹಗಲೆಲ್ಲಾ ಮಳಿ. ಉಬ್ಬತಾದ. ಮನಿ ಸಿಕ್ಕಂಡ್ರ ಸ್ವರ ತಾನೇ ಒದರ್ತಿರ್ತಾದ." ಮನಿ ಅಂದರೆ ಪೇಟಿಯಲ್ಲಿ ಬೆರಳಿನಿಂದ ಒತ್ತುವ ಪಟ್ಟಿ. ಒಂದು ತುಂಡು ಸ್ಯಾಂಡ್ ಪೇಪರ್ ಮಡಚಿ ನನ್ನ ಕೈಗಿಟ್ಟರು. "ಜಾಸ್ತಿ ಉಜ್ಜಬ್ಯಾಡ. ವಾಪಸ್ ಬಂದ ಮ್ಯಾಲ ಮತ್ತ ಸಣ್ಣಗಾಗ್ತಾದ."

ಅಲ್ಲೇ ಕುಳಿತಿದ್ದ ಬಗದಲ ಊರಿನ ಗಿರಾಕಿಯೊಬ್ಬರು ನನ್ನ ಊರು ಕೇಳಿ, "ಖಟಕ ಚಿಂಚೋಳಿ ಮೇಳ ಖತಂ ಆಗ್ಯಾದಂತಲ್ಲ?" ಅಂದರು.

"ಯಾರಂದ್ರುರಿ? ತಬಲಾ ಪುಣಾಕ್ಕ ಹೋಗ್ಯಾದ, ತಾಳ ಹೈದರಾಬಾದಿಗಿ ಹೋಗ್ಯಾದ, ಪೇಟಿ ಇಂಗ್ಲೆಂಡಿಗಿ ಹೊಂಟಾದ. ಖತಂ ಹ್ಯಾಂಗ ಆಗ್ತದ್ರಿ?"

ಚಾಚಾ ನಗುತ್ತ ಪೇಟಿಯ ಮುಚ್ಚಳ ಹಾಕಿದರು. ನನಗೆ ಮಾತ್ರ ಬಸ್ಸಿನಲ್ಲಿ ಭಾಲ್ಕಿ ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ.

ಹೆಲೆನಮ್ಮನ ಬೆಚ್ಚನೆ ಕಪಾಟು

ಇಂಗ್ಲೆಂಡಿನ ಉತ್ತರದಲ್ಲಿ ಒಂದು ಸಣ್ಣ ಊರು. ಹಿಂದೆ ಕಲ್ಲಿದ್ದಲ ಗಣಿ ಇತ್ತು, ಈಗ ಇಲ್ಲ. ರೈಲಿನಿಂದ ಇಳಿದರೆ ಜಿಟಿಜಿಟಿ ಮಳೆ. ಕೊಡೆ ಹಿಡಿದು ನಿಂತಿದ್ದ ಹೆಲೆನ್ ಹೇಳಿದ ಮೊದಲ ಮಾತು, "ಮಳೆಗಾಗಿ ಕ್ಷಮಿಸು."

ಮಳೆ ಬಂದದ್ದಕ್ಕೆ ಕ್ಷಮೆ ಕೇಳುವವರನ್ನು ನಾನು ನೋಡಿದ್ದು ಅದೇ ಮೊದಲು. ಕೊಡೆಯ ಆಚೆ ಅಂಗೈ ಚಾಚಿ ನಿಂತೆ. ಊರಿನಲ್ಲಿ ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡುತ್ತಿದ್ದ ನಮ್ಮ ಚಿಕ್ಕಮ್ಮ ಕಾಕು ನೆನಪಾದಳು. ಕ್ಷಮೆ ಬೇಡ, ಇದರಲ್ಲಿ ಅರ್ಧ ಪಾರ್ಸಲ್ ಮಾಡಿಕೊಡಿ ಅಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಎಪ್ಪತ್ತು ದಾಟಿದವರನ್ನು ಅಲ್ಲಿ ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಏಳಲಿಲ್ಲ. ಹೆಲೆನಮ್ಮ ಅಂದೆ. ಅದರ ಅರ್ಥ ಕೇಳಿಕೊಂಡು, ಎರಡನೇ ದಿನ ಹಾಲಿನವನಿಗೂ ತಮ್ಮ ಹೊಸ ಹೆಸರು ಹೇಳಿದರು.

ಮೂರನೇ ದಿನ ಚಾಚಾನ ಮಾತು ನಿಜವಾಯಿತು. ಕೋಮಲ ಗ ಸಿಕ್ಕಿಕೊಂಡಿತು! ಹನ್ನೆರಡು ಸ್ವರಗಳಲ್ಲಿ ಬೇರೆ ಯಾವುದೂ ಅಲ್ಲ, ಸಾವಿನ ಹಾಡು ಶುರುವಾಗುವ ಅದೇ ಸ್ವರ. ಗಾಳಿ ಹಾಕಿದರೆ ಸಾಕು, ಬೆರಳು ಇಡದೆಯೂ ಗುಂಯ್ ಅನ್ನುತ್ತಿತ್ತು. ಹೆಲೆನಮ್ಮ ಪೇಟಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ, ಮಡಚಿದ ಟವೆಲುಗಳ ನಡುವೆ ಇಟ್ಟರು. ಅಲ್ಲಿ ಬಟ್ಟೆ ಆರಿಸಲು ಬಿಸಿಲಿಲ್ಲ, ಅದಕ್ಕೇ ಪ್ರತಿ ಮನೆಯಲ್ಲೂ ಅಂಥದೊಂದು ಕಪಾಟು. ಒಂದು ದಿನ ಬೀದರಿನ ಹವೆ ಸಿಕ್ಕ ಮೇಲೆ ಪೇಟಿ ಸುಮ್ಮನಾಯಿತು.

ಚರ್ಚು

ಆ ನಾಲ್ಕು ಸ್ವರವನ್ನು ಅವು ಹುಟ್ಟಿದ ಮನೆಯಲ್ಲೇ ಕೇಳಬೇಕೆಂದು ನಾನು ಹಟ ಹಿಡಿದೆ. ಹೆಲೆನಮ್ಮ ಊರ ಹಳೆಯ ಕ್ಯಾಥೊಲಿಕ್ ಚರ್ಚಿಗೆ ಕರೆದೊಯ್ದರು. ದಾರಿಯಲ್ಲಿ ಒಂದು ಶವಯಾತ್ರೆ ಎದುರಾಯಿತು. ಉದ್ದ ಕರಿ ಕಾರು, ಅದರ ಮುಂದೆ ಎತ್ತರದ ಟೋಪಿ ಹಾಕಿದ ಒಬ್ಬರೇ ನಿಧಾನಕ್ಕೆ ನಡೆಯುತ್ತಿದ್ದರು. ಹಲಗಿ ಬಡಿತ ಇಲ್ಲ, ಭಜನೆ ಇಲ್ಲ, ಚುರುಮುರಿ ತೂರುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಕೂಡ ಉಸಿರು ಹಿಡಿದು ನಿಂತಿತು. ನನಗೆ ಗೌರವವೂ ಬಂತು, ಸಂಕಟವೂ ಆಯಿತು. ಇಷ್ಟು ಮೌನದಲ್ಲಿ ಒಬ್ಬರನ್ನು ಕಳಿಸುವುದು ಹೇಗೆ?

ಚರ್ಚಿನಲ್ಲಿ ಆರ್ಗನ್ ನುಡಿಸುವವರು ನನ್ನ ಪ್ರಶ್ನೆ ಕೇಳಿ ತಲೆ ಅಲ್ಲಾಡಿಸಿದರು. "ಅದನ್ನು ಇಲ್ಲಿ ಯಾರೂ ಹಾಡುವುದಿಲ್ಲ. ನನ್ನ ಕಾಲದಲ್ಲಿ ಒಮ್ಮೆಯೂ ಹಾಡಿಲ್ಲ. ಬಹಳ ಹೆದರಿಸುವ ಹಾಡು ಅಂತ ಸತ್ತವರ ಪ್ರಾರ್ಥನೆಯಿಂದಲೇ ತೆಗೆದುಬಿಟ್ಟರು. ಈಗ ನಿನಗೆ ಅದು ಸಿಗುವುದು ನಾಟಕದಲ್ಲೇ."

ನಾನು ಹೊರಗೆ ಬಂದು ಒದ್ದೆ ಕಲ್ಲುಬೆಂಚಿನ ಮೇಲೆ ಕುಳಿತೆ. ಹಾಗಾದರೆ ಈ ಹಾಡೂ ಗುಳೆ ಹೋದದ್ದೇ. ಹುಟ್ಟಿದೂರಿನಲ್ಲಿ ಅನ್ನ ಹುಟ್ಟಲಿಲ್ಲ, ಊರು ಬಿಟ್ಟು ನಾಟಕದವರ ಹತ್ತಿರ ಕೂಲಿಗೆ ನಿಂತಿತು, ಉಳಿಯಿತು. ಊರು ಬಿಡದಿದ್ದರೆ ಇಷ್ಟೊತ್ತಿಗೆ ಯಾರಿಗೂ ನೆನಪಿರುತ್ತಿರಲಿಲ್ಲ. ನಮ್ಮವರಿಗೆ ಹೇಳಬೇಕು ಅನ್ನಿಸಿತು.

ಇಪ್ಪತ್ತೊಂದನೇ ಪುಟ

ನಾಟಕಕ್ಕೆ ಸಂಗೀತ ಬರೆದವರು ಗ್ರಹಾಂ, ನಿವೃತ್ತ ಸಂಗೀತ ಮೇಷ್ಟ್ರು. ಸಣ್ಣಗೆ, ನೆಟ್ಟಗೆ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಅವರು ಕೊಟ್ಟ ಸ್ವರಲಿಪಿಯನ್ನು ಹೆಲೆನಮ್ಮನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಓದುತ್ತಿದ್ದೆ. ಇಪ್ಪತ್ತೊಂದನೇ ಪುಟದ ತಳದಲ್ಲಿ, ಎಡಗೈಯಲ್ಲಿ, ಗ ರಿ ಗ ಸ! ಪುಟ ತಿರುವಿದರೆ ಮತ್ತೆ. ಇನ್ನೊಂದು ಪುಟದಲ್ಲಿ ಮತ್ತೆ. ನಾನು ಕುರ್ಚಿಯಿಂದ ಎದ್ದು ಕುಣಿದುಬಿಟ್ಟೆ. ಯಾರೂ ತೋರಿಸದೆ ಹಿಡಿದಿದ್ದೆನಲ್ಲ. ಪೆನ್ಸಿಲಿನಿಂದ ಗುಂಡಗೆ ಗೆರೆ ಹಾಕಿದೆ. ಪಟ್ಟಿಗೆ ನನ್ನ ಹನ್ನೆರಡನೇ ಸಾಲು ಅಂದುಕೊಂಡೆ. ಯಾರು ಸಾಯುತ್ತಾರೆ ಎಂದು ಬರೆಯಬೇಕಲ್ಲ, ಆ ದೃಶ್ಯದ ಹೆಸರು ಓದಿದೆ.

ಇಂಗ್ಲಿಷ್ ಅಕ್ಷರದಲ್ಲಿ, ಸ್ವಲ್ಪ ತಪ್ಪಾಗಿ, "ಖಟಕ ಚಿಂಚೋಳಿ" ಎಂದಿತ್ತು.

ಹೆಲೆನಮ್ಮ ನನ್ನ ಪತ್ರಗಳನ್ನು ಗ್ರಹಾಂಗೆ ಓದಲು ಕೊಟ್ಟಿದ್ದರು. ಬತ್ತಿದ ಡ್ಯಾಮು, ಖಾಲಿ ಓಣಿ, ಜನವಿಲ್ಲದ ಮೇಳ, ಎಲ್ಲ ನಾನು ಬರೆದದ್ದೇ. ಒಬ್ಬ ತಂದೆ ಗಂಟು ಹೊತ್ತು ಬಸ್ ಹತ್ತುತ್ತಾನೆ. ಊರಿನವರು ತಲೆ ತಗ್ಗಿಸುತ್ತಾರೆ. ಕೆಳಗೆ ಸಾವಿನ ನಾಲ್ಕು ಸ್ವರ, ದೀಪ ಆರುತ್ತದೆ. ಸಾಯುವವರು ಯಾರೂ ಇಲ್ಲ ಆ ದೃಶ್ಯದಲ್ಲಿ. ಸಾಯುವುದು ಊರು.

ಚಹಾ ಆರಿಹೋಯಿತು.

ಹಾಲ್‌ನ ಅಡುಗೆಮನೆ

ತಂಡದ ಮೇಳದಲ್ಲಿ, ಅಂದರೆ ಹಿಂದೆ ನಿಂತು ಹಾಡುವ ಇಪ್ಪತ್ತು ಜನರಲ್ಲಿ, ಬ್ರೆಂಡಾ ಎಂಬ ಹೆಂಗಸಿದ್ದಳು. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಅವಳ ಇಂಗ್ಲಿಷ್ ಟಿವಿಯ ಇಂಗ್ಲಿಷ್ ಅಲ್ಲ. ಬೆಂಗಳೂರಿನವರಿಗೆ ನಮ್ಮ ಕನ್ನಡ ಹೇಗೆ ಕೇಳುತ್ತದೋ ಹಾಗೆ ಕೇಳುತ್ತಿತ್ತು, ಮೊಂಡಾಗಿ, ತುಂಡಾಗಿ. ಅದಕ್ಕೇ ಅವಳ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಊರ ಹಾಲ್‌ನಲ್ಲಿ ನಡೆದ ಮೊದಲ ರಿಹರ್ಸಲ್ಲಿನಲ್ಲಿ ಗ್ರಹಾಂ ಪಿಯಾನೋ ಬಾರಿಸಿದರು, ನಾನು ಪೇಟಿಯಲ್ಲಿ ಅವರ ಹಿಂದೆ ಹೋದೆ. ಗ ರಿ ಗ ಸ. ಸ ಮೇಲೆ ನಿಲ್ಲಬೇಕು. ನನ್ನ ಬೆರಳು ನಿಲ್ಲಲಿಲ್ಲ. ರೂಢಿಯಂತೆ ಪ ಮುಟ್ಟಿ ಮೇಲಿನ ಸ ಹಿಡಿದುಬಿಟ್ಟಿತು. ಗ್ರಹಾಂ ನಿಲ್ಲಿಸಿದರು. ಮತ್ತೆ ಶುರು. ಮತ್ತೆ ಬೆರಳು ಮೇಲೆ ಹೋಯಿತು. ಮೂರನೇ ಸಲ ಅದು ಬೆರಳಿನ ತಪ್ಪಾಗಿರಲಿಲ್ಲ.

"ಸರ್, ಇದು ಹೀಗೆ ಬಿಡಲು ನನಗೆ ಬರುವುದಿಲ್ಲ," ಅಂದೆ. "ಅದು ನನ್ನ ಊರು. ಅದು ಸತ್ತಿಲ್ಲ."

"ನೀನೇ ಬರೆದಿದ್ದೀಯಲ್ಲ, ಹಾಡಲು ಜನ ಇಲ್ಲ ಅಂತ."

"ಜನ ಇಲ್ಲ ಅಂದಿದ್ದೆ. ಮುಗಿಯಿತು ಅಂದಿರಲಿಲ್ಲ. ಊರು ಬಿಟ್ಟವರು ಹೆಣ ಅಲ್ಲ ಸರ್. ನೀವು ಬಳಸಿದ ಈ ಹಾಡೇ ಚರ್ಚು ಬಿಟ್ಟು ಬಂದು ಬದುಕಿರುವುದು!"

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮೃದುವಾಗಿ ಹೇಳಿದರು: "ನಾಟಕದಲ್ಲಿ ಜನರಿಗೆ ನಷ್ಟ ಕೇಳಿಸಬೇಕು ಅಂಬಿಕಾ. ಮೇಲೆ ಎತ್ತಿದರೆ ಅವರು ಸಮಾಧಾನ ಮಾಡಿಕೊಂಡು ಮನೆಗೆ ಹೋಗುತ್ತಾರೆ. ನಾನು ಅವರಿಗೆ ಅಷ್ಟು ಸುಲಭಕ್ಕೆ ಸಮಾಧಾನ ಕೊಡುವುದಿಲ್ಲ. ಆ ದೃಶ್ಯದಲ್ಲಿ ನಿನ್ನ ವಾದ್ಯ ಬೇಡ, ಪಿಯಾನೋ ಸಾಕು."

ಅವರ ಮಾತು ಸುಳ್ಳಲ್ಲ, ಅದೇ ನನ್ನನ್ನು ಚುಚ್ಚಿದ್ದು. ಹಾಲ್‌ನ ಅಡುಗೆಮನೆಗೆ ಹೋಗಿ ಕಪ್ಪು ತೊಳೆಯುತ್ತ ನಿಂತೆ. ಬ್ರೆಂಡಾ ಹಿಂದೆಯೇ ಬಂದಳು.

"ಅಳ್ಲತ್ತಿ ಏನು?"

"ಇಲ್ಲ."

"ಛಲೋ. ಕಪ್ಪು ನೆಟ್ಟಗ ತೊಳಿ ಮತ್ತ." ಪಕ್ಕದಲ್ಲಿ ನಿಂತು ಒರೆಸತೊಡಗಿದಳು. "ಗಣಿ ಮುಚ್ಚಿದ ವರ್ಷ ಟಿವಿಯವ್ರು ಬಂದಿದ್ರು ಇಲ್ಲಿ. ನನ್ನ ಗಂಡನ್ನ ಗೇಟಿನ ಮುಂದ ನಿಂದ್ರಿಸಿ ಫೋಟೋ ಹೊಡದ್ರು. ಹಿಂದ ಸಂಗೀತ ಹಾಕಿ ತೋರ್ಸಿದ್ರು, ಸತ್ತ ಊರು ಅಂತ. ಮೂವತ್ತು ವರ್ಷ ಮ್ಯಾಲಾಯ್ತು. ನಾನೇನು ಸತ್ತಂಗ ಕಾಣ್ಲತ್ತೀನೇನು?"

"ಇಲ್ಲಕ್ಕಾ," ಅಂದೆ.

"ಹಂಗಾದ್ರ ಆ ಎತ್ತೋದು ಹ್ಯಾಂಗ, ನಂಗ ತೋರ್ಸು."

ಸಿಂಕಿನ ಮುಂದೆ ನಿಂತು ತೋರಿಸಿದೆ. ಬಾಯಿ ಅಗಲ ತೆರೆಯಬೇಕು, ಗದ್ದ ಎತ್ತಬೇಕು, ಒಬ್ಬರ ಉಸಿರು ಮುಗಿಯುವಾಗ ಇನ್ನೊಬ್ಬರು ಹಿಡಿಯಬೇಕು, ದನಿ ತುಂಡಾಗಬಾರದು. ಮರುದಿನ ಅಡುಗೆಮನೆಗೆ ನಾಲ್ವರು ಬಂದರು. ಅದರ ಮರುದಿನ ಒಂಬತ್ತು ಜನ, ಕೈಯಲ್ಲಿ ಬಿಸ್ಕತ್ತು ಹಿಡಿದು. ನಮ್ಮ ಅಪ್ಪನ ಮೇಳಕ್ಕೆ ಒಂಬತ್ತು ಜನ ಸೇರಿ ಎಷ್ಟು ಕಾಲವಾಗಿತ್ತು! ಆ ಸದ್ದು ಪಿಯಾನೋದ ಹತ್ತಿರ ಕೇಳುತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಗ್ರಹಾಂ ಮಾತ್ರ ತಮ್ಮ ಪಾಡಿಗೆ ಪಿಯಾನೋ ಬಾರಿಸುತ್ತಿದ್ದರು.

ಶನಿವಾರ ಮಧ್ಯಾಹ್ನದ ಆಟ

ಮೊದಲ ಆಟ ಮಧ್ಯಾಹ್ನಕ್ಕೆ. ಹಾಲ್ ತುಂಬಿತ್ತು. ಅಲ್ಲಿನ ಪ್ರೇಕ್ಷಕರು ಕೆಮ್ಮುವುದಕ್ಕೂ ಹಾಡು ಮುಗಿಯಲೆಂದು ಕಾಯುತ್ತಾರೆ. ನಮ್ಮ ಕಡೆ ನಾಟಕದಲ್ಲಿ ಅರ್ಧ ಮಾತು ಕೆಳಗೆ ಕುಳಿತವರದೇ ಇರುತ್ತದೆ. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು.

ನನ್ನ ದೃಶ್ಯ ಬಂತು. ಪೇಟಿ ಮುಚ್ಚಿ ಪಿಯಾನೋದ ಪಕ್ಕ ಕುಳಿತಿದ್ದೆ. ತಂದೆಯ ಪಾತ್ರದವನು ಗಂಟು ಹೊತ್ತ. ಎಡಗೈ ಶುರುವಾಯಿತು. ಗ ರಿ ಗ ಸ. ಮೇಳ ತಲೆ ತಗ್ಗಿಸಬೇಕು, ದೀಪ ಆರಬೇಕು. ನಾನು ಬ್ರೆಂಡಾ ಕಡೆ ನೋಡಿದೆ. ಹತ್ತೊಂಬತ್ತು ತಲೆ ಬಾಗಿದವು. ಅವಳದು ಬಾಗಲಿಲ್ಲ. ಗದ್ದ ಎತ್ತಿ ಬಾಯಿ ತೆರೆದಳು.

ಅವಳಿಗೆ ಸ್ವರ ಬೇಕಿತ್ತು. ನಾನು ಪೇಟಿ ತೆರೆದು ಗಾಳಿ ಹಾಕಿದೆ.

ಗುಂಯ್ ಎಂದಿತು ಕೋಮಲ ಗ! ಮಳೆಯ ಹವೆಗೆ ಮತ್ತೆ ಸಿಕ್ಕಿಕೊಂಡಿತ್ತು. ನಾನು ಮುಟ್ಟಿರಲೇ ಇಲ್ಲ, ಅದು ತಾನೇ ಒದರುತ್ತಿತ್ತು. ಚಾಚಾನ ಸ್ಯಾಂಡ್ ಪೇಪರ್ ಹೆಲೆನಮ್ಮನ ಮನೆಯಲ್ಲಿ ಟವೆಲಿನ ಮೇಲಿತ್ತು. ಗಾಳಿ ನಿಲ್ಲಿಸಿದರೆ ಬ್ರೆಂಡಾ ಒಬ್ಬಳೇ ಆಗುತ್ತಾಳೆ. ನಿಲ್ಲಿಸಲಿಲ್ಲ. ಗ ಕೆಳಗೆ ಕೊರೆಯುತ್ತಿರಲಿ ಎಂದು ಪ ಹಿಡಿದೆ, ಮೇಲಿನ ಸ ಹಿಡಿದೆ. ಅಡುಗೆಮನೆಯ ಒಂಬತ್ತು ಜನ ಒಬ್ಬೊಬ್ಬರಾಗಿ ತಲೆ ಎತ್ತಿದರು. ಒಬ್ಬರ ಉಸಿರು ಇನ್ನೊಬ್ಬರು ಹಿಡಿದರು. ಬಸ್ ಹತ್ತಬೇಕಿದ್ದ ತಂದೆ ತಿರುಗಿ ನಿಂತು ಅವರನ್ನೇ ನೋಡಿದ.

ಗ್ರಹಾಂ ಕೈ ಪಿಯಾನೋದ ಮೇಲೆ ತೇಲುತ್ತಿತ್ತು. ನಿಲ್ಲಿಸುವುದು ಅವರಿಗೆ ಸುಲಭವಿತ್ತು. ಅವರು ನನ್ನ ಸಿಕ್ಕಿಕೊಂಡ ಗ ಕೇಳಿದರು, ಅದಕ್ಕೆ ಒಪ್ಪುವ ಎರಡು ಸ್ವರ ತಳದಲ್ಲಿ ಹುಡುಕಿ ಒತ್ತಿದರು. ಸಾವಿನ ಸ್ವರ ಅಲ್ಲೇ ಇತ್ತು, ಯಾರೂ ಅದನ್ನು ಮರೆಯುವಂತಿರಲಿಲ್ಲ. ಅದರ ಮೇಲೆ ಊರು ನಿಂತಿತ್ತು.

ಆಟ ಮುಗಿದ ಮೇಲೆ ಗ್ರಹಾಂ ಪೆನ್ಸಿಲ್ ತೆಗೆದುಕೊಂಡು ನೇರ ನನ್ನ ಹತ್ತಿರ ಬಂದರು. "ನಿನ್ನ ಪೇಟಿ ನನ್ನ ಪಿಯಾನೋಗಿಂತ ಶ್ರುತಿಯಲ್ಲಿ ಒಂದು ಕೂದಲೆಳೆ ಏರಿದೆ."

"ಇರಲಿ ಸರ್. ಏರಿದ್ದೇ ಇರಲಿ."

"ನಾನು ಬರೆದ ಪುಟ ಬದಲಾಗುವುದಿಲ್ಲ."

"ಬೇಡ. ಬಾರಿಸುವುದು ನಾವಲ್ಲವೇ?"

ಅವರು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೋದರು. ಮುಂದಿನ ಆಟಕ್ಕೆ ಮಾತ್ರ ದೀಪ ಆರಿಸುವವರಿಗೆ, ಆ ದೃಶ್ಯದಲ್ಲಿ ಮೇಳದ ಉಸಿರು ಮುಗಿಯುವವರೆಗೆ ಕಾಯಬೇಕು ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಬ್ರೆಂಡಾ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅದು ಅಲ್ಲಿನ ಆಶೀರ್ವಾದ ಎಂದುಕೊಂಡೆ.

ಚಿಂತಾಕಿ, ಔರಾದ್ ತಾಲ್ಲೂಕು

ಊರಿಗೆ ಬಂದ ಎರಡನೇ ವಾರ ಚಿಂತಾಕಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡಳು. ನಮ್ಮ ಮೇಳವನ್ನು ಕರೆಸಿದರು. ಅಪ್ಪ ಹೈದರಾಬಾದಿನಿಂದ ಬೆಳಗಿನ ಬಸ್ಸಿಗೆ ಔರಾದಿಗೆ ಬಂದು ಅಲ್ಲಿಂದ ಟಂಟಂ ಆಟೋ ಹಿಡಿದು ನೇರ ಸತ್ತವರ ಮನೆಗೇ ಬಂದರು. ನಾವು ಮೂರೇ ಜನ, ತಬಲಾ ಇಲ್ಲ. ಅಜ್ಜಿಯ ಮಕ್ಕಳು ಪುಣೆಯಿಂದ ಬರಬೇಕು, ಅಲ್ಲಿವರೆಗೆ ಹಾಡು ನಿಲ್ಲುವಂತಿಲ್ಲ.

ಪೇಟಿ ಒಣಹವೆಗೆ ಮತ್ತೆ ಸಣ್ಣಗಾಗಿತ್ತು. ಕೋಮಲ ಗ ಹಗುರಾಗಿ ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಪ್ಪ ನೀರು ಕುಡಿಯಲು ಎದ್ದಾಗ, ಎರಡು ಹಾಡಿನ ನಡುವಿನ ಬಿಡುವಿನಲ್ಲಿ ನಾನು ಮೆಲ್ಲಗೆ ಬಾರಿಸಿದೆ. ಗ ರಿ ಗ ಸ.

ಅಪ್ಪ ತಂಬಿಗೆ ಕೈಯಲ್ಲೇ ಹಿಡಿದು ತಿರುಗಿದರು. "ಇದೇ ಏನು ನಿನ್ನ ಪರದೇಶದ್ದು?"

"ಹೂಂನಪ್ಪಾ."

"ಇನ್ನೊಮ್ಮಿ ಬಾರಿಸು."

ಬಾರಿಸಿದೆ. ಅಜ್ಜಿಯ ಸೊಸೆಯಂದಿರು ಅಳು ನಿಲ್ಲಿಸಿ ಕೇಳಿದರು. ಆ ಅಂಗಳದಲ್ಲಿ ಅದು ಬೇರೆ ದೇಶದ್ದು ಅಂತ ಒಬ್ಬರಿಗೂ ಅನ್ನಿಸಿದ ಹಾಗಿರಲಿಲ್ಲ.

"ಅವ್ರಿಗೂ ತಿಳದದ ಬಿಡು," ಅಂದರು ಅಪ್ಪ. ತಂಬಿಗೆ ಇಟ್ಟು ಕುಳಿತರು. "ಖರೇ ಇಲ್ಲೇ ಬಿಟ್ಟೀ ಮತ್ತ. ಎತ್ತು."

ಅಷ್ಟರಲ್ಲಿ ಬಾಗಿಲಿಗೆ ಜೀಪು ಬಂದು ನಿಂತಿತು. ಅಜ್ಜಿಯ ಮಕ್ಕಳು ಇಳಿದರು. ಅವರ ಹಿಂದೆ, ಅದೇ ಜೀಪಿನಲ್ಲಿ ಪುಣೆಯಿಂದ ಜಾಗ ಸಿಕ್ಕಿದ್ದಕ್ಕೆ ಬಂದಿದ್ದ ನಮ್ಮ ತಬಲಾದ ಸಿದ್ದಣ್ಣ ಕಾಕಾ ಇಳಿದರು, ಸಿಮೆಂಟು ಹತ್ತಿದ ಪ್ಯಾಂಟಿನಲ್ಲೇ. ಚಪ್ಪಲಿ ಬಿಟ್ಟರು. ನೇರ ಬಂದು ಕುಳಿತು ನಮ್ಮ ಜೊತೆ ಮೇಲಿನ ಸ ಹಿಡಿದರು. ಮಕ್ಕಳೂ ಹಿಡಿದರು. ಓಣಿಯವರೂ ಹಿಡಿದರು.

ವಾಪಸ್ ಭಾಲ್ಕಿಯ ಬಸ್ಸಿನಲ್ಲಿ ಮೊಬೈಲ್ ತೆಗೆದೆ. ಪಟ್ಟಿಯಲ್ಲಿ ನನ್ನ ಹನ್ನೆರಡನೇ ಸಾಲು ಅರ್ಧಕ್ಕೇ ನಿಂತಿತ್ತು. ಯಾವ ನಾಟಕ, ಬರೆದಿದ್ದೆ. ಯಾವ ಪುಟ, ಇಪ್ಪತ್ತೊಂದು. ಯಾರು ಸಾಯುತ್ತಾರೆ ಅನ್ನುವ ಜಾಗ ಅಷ್ಟು ದಿನ ಖಾಲಿ ಇತ್ತು.

ತುಂಬಿದೆ: ಯಾರೂ ಇಲ್ಲ.